ಸಾಹೇಬರ ಚೀಟಿ

ಅರ್ಧ ಹೊಲಿದ ಗಾದಿಯ ಮೇಲೆ ಮಾವ ಮಲಗಿದ್ದನ್ನು ಕಂಡು ಫಿರದೋಸಳಿಗೆ ಮೊದಲು ನಗು ಬಂತು. ಗಿರಾಕಿಯ ಗಾದಿಯ ಮೇಲೆ ಮನೆಯವರು ಯಾರಾದರೂ ಕೈಯೂರಿದರೂ ಗದರುವ ಮನುಷ್ಯ. "ಮಂದಿ ಮಲಗೋ ಜಾಗಾ ಅದು, ನಮ್ಮದಲ್ಲ" ಎಂದು ಮೊಮ್ಮಗಳು ಸಾನಿಯಾಳನ್ನು ಎಷ್ಟೋ ಸಲ ಎಬ್ಬಿಸಿ ಕಳಿಸಿದ್ದರು. ಇವತ್ತು ತಾವೇ ಹೊಸ ಹತ್ತಿಯ ಮೇಲೆ ಕೆನ್ನೆ ಇಟ್ಟು, ಮೊಣಕಾಲು ಮಡಚಿ ಮಲಗಿಬಿಟ್ಟಿದ್ದಾರೆ. ಚಹಾದ ಲೋಟ ಹಿಡಿದುಕೊಂಡೇ ಅವಳು ಅಂಗಡಿಯ ಹೊಸ್ತಿಲಲ್ಲಿ ನಿಂತಳು.

"ಮಾವಾ, ಈಗ ನಿಮ್ಮನ್ನ ಯಾರು ಬೈಬೇಕ್ರಿ?"

ಮಾವ ಏಳಲಿಲ್ಲ. ದಾರ ಪೋಣಿಸಿದ ದಬ್ಬಣ ಅವರ ಬೆರಳುಗಳ ನಡುವೆ ಹಾಗೆಯೇ ಇತ್ತು. ಹತ್ತಿರ ಹೋಗಿ ಭುಜ ಮುಟ್ಟಿದಳು. ಅಂಗಿ ಬೆವರಿನಿಂದ ತೊಯ್ದು ಮೈಗೆ ಅಂಟಿತ್ತು, ತುಟಿ ಬೂದಿಯ ಹಾಗೆ ಬಿಳಿಚಿತ್ತು. ಕಣ್ಣು ಅರೆ ತೆರೆದಿದ್ದವು, ಆದರೆ ಅವು ಅವಳನ್ನು ನೋಡುತ್ತಿರಲಿಲ್ಲ. ಲೋಟ ಯಾವಾಗ ಕೈಯಿಂದ ಜಾರಿತೋ ತಿಳಿಯಲಿಲ್ಲ. ಗಿರಾಕಿಯ ಹೂವಿನ ಬಟ್ಟೆಯ ಮೇಲೆ ಚಹಾ ಹರಡುತ್ತಿದ್ದುದನ್ನು ಮಾತ್ರ ಕಂಡಳು.

ಹಿಂದಿನ ಕೋಣೆಯಲ್ಲಿ ಹತ್ತಿ ಹಿಂಜುವ ಯಂತ್ರ ಓಡುತ್ತಿತ್ತು. ಆ ಸದ್ದಿನಲ್ಲಿ ಅವಳ ಕೂಗು ಗಂಡ ಜಮೀರನಿಗೆ ಕೇಳಿಸಲಿಲ್ಲ. ಓಡಿ ಹೋಗಿ ಯಂತ್ರದ ಸ್ವಿಚ್ಚು ಆರಿಸಿದಳು. ಮೈಯೆಲ್ಲ ಹತ್ತಿಯ ಧೂಳಾಗಿ ನಿಂತಿದ್ದ ಜಮೀರ ಅವಳ ಮುಖ ನೋಡಿದವನೇ ಹೊರಗೆ ಓಡಿ ಬಂದ. ಬಾಜೂ ಅಂಗಡಿಯವರ ಕಾರು ಸಿಕ್ಕಿತು. ಮೂಡಲಗಿಯಿಂದ ಗೋಕಾಕಕ್ಕೆ ಹೋಗುವ ರಸ್ತೆಯ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರುಗಳು; ಒಂದನ್ನು ದಾಟಿದರೆ ಇನ್ನೊಂದು. ಹಿಂದಿನ ಸೀಟಿನಲ್ಲಿ ಮಾವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಫಿರದೋಸ ಅವರ ಎದೆಯ ಮೇಲೆ ಅಂಗೈ ಊರಿ ಕೂತಿದ್ದಳು. ಒಂದು ಸಲ ಎದೆ ಏರಿ ಇಳಿದರೆ ಮತ್ತೆ ಏರುವುದೋ ಇಲ್ಲವೋ ಎಂದು ಕಾಯುವಂತಾಗುತ್ತಿತ್ತು.

ಗೋಕಾಕದ ಆಸ್ಪತ್ರೆಯಲ್ಲಿ ಡಾಕ್ಟರ್ ಶೈಲಾ ಆಗಷ್ಟೇ ಊಟಕ್ಕೆ ಏಳುವುದರಲ್ಲಿದ್ದರು. ಮಾವ ಬಾಬಾಲಾಲ ನದಾಫರ ಗುರುತು ಅವರಿಗಿತ್ತು. ಕಳೆದ ಕೆಲವು ತಿಂಗಳಿಂದ ಫಿರದೋಸಳೇ ಮಾವನನ್ನು ಅವರ ಆಸ್ಪತ್ರೆಗೆ ಕರೆತರುತ್ತಿದ್ದಳು. ಎದೆಗೆ ವೈರು ಅಂಟಿಸಿ, ಗೆರೆ ಮೂಡಿದ ಕಾಗದ ನೋಡಿದವರು ಕೂಡಲೇ ಸಿಸ್ಟರನ್ನು ಕರೆದು ಇಂಜೆಕ್ಷನ್ನಿನ ಹೆಸರು ಹೇಳಿದರು. ಬಾಗಿಲು ಮುಚ್ಚಿತು. ತೆರೆದಾಗ ಹೊರಗೆ ಬಂದ ಡಾಕ್ಟರು ಜಮೀರನನ್ನು ಬಿಟ್ಟು ಫಿರದೋಸಳನ್ನೇ ನೋಡಿದರು.

"ಜೀವಕ್ಕ ಈಗೇನೂ ಹೆದರಿಕಿ ಇಲ್ಲ. ಆದ್ರ ಎದಿ ಬಡಿತ ಭಾಳ ನಿಧಾನ ಆಗೇತಿ. ನಾ ಬರದ ಗುಳಿಗಿ ಎಷ್ಟು ಕೊಡ್ತಿದ್ದಿ?"

"ಮುಂಜಾನಿ ಒಂದು, ರಾತ್ರಿ ಒಂದ್ರಿ ಮೇಡಮ್. ನೀವು ಹೇಳಿದಂಗ."

"ಮರತು ಎರಡ ಸಲ ಕೊಟ್ಟಿಯೇನು?"

"ಇಲ್ರಿ. ನಾನ ಕೈಯಾಗ ಇಟ್ಟು, ನೀರು ಕುಡಿಯೂತನಕ ಮುಂದ ನಿಂತಿರ್ತೇನಿ."

"ಮತ್ತ ಬ್ಯಾರೆ ಯಾರದರೆ ಔಷಧ ತಗೋತಾರೇನು? ಇಷ್ಟು ಗುಳಿಗೀಗೆ ಹಿಂಗ ಆಗೂದಿಲ್ಲ."

ಫಿರದೋಸ ಇಲ್ಲವೆಂದು ತಲೆಯಾಡಿಸಿದಳು. ಆಡಿಸುತ್ತಿರುವಾಗಲೇ ಅವಳಿಗೆ ತನ್ನ ಮೇಲೆಯೇ ಅನುಮಾನ ಬಂತು. ಮಾವನ ಗುಳಿಗೆಯ ಉಸಾಬರಿ ಪೂರ್ತಿ ಅವಳದು. ಬೇಸಿಗೆಯಲ್ಲಿ ಮೂಡಲಗಿಯ ಬಸವಲಿಂಗ ಡಾಕ್ಟರು ದವಾಖಾನೆ ಮುಚ್ಚಿ ತಮ್ಮ ಊರು ಘೋಡಗೇರಿಗೆ ಹೋದ ಮೇಲೆ, ಎದೆರೋಗದ ಮನುಷ್ಯ ಡಾಕ್ಟರಿಲ್ಲದೆ ಇರಬಾರದೆಂದು ಹಟ ಹಿಡಿದು ಗೋಕಾಕಕ್ಕೆ ಕರೆತಂದವಳು ಅವಳೇ. ಮಾವ ಒಲ್ಲೆ ಅಂದಿದ್ದರು. "ಸಾಹೇಬ್ರು ಮೊಣಕಾಲು ಬ್ಯಾನಿ ಅಂತ ಹೋಗ್ಯಾರ, ಆರಾಮಾದ್ರ ಬರ್ತಾರ" ಅಂದಿದ್ದರು. ಕಡೆಗೆ ಸೊಸೆಯ ಮಾತಿಗೆ ಇಲ್ಲವೆನ್ನಲಾರದೆ ಬಂದಿದ್ದರು.

ಜಮೀರ ಮೂಡಲಗಿಯ ಮೆಡಿಕಲ್ ಅಂಗಡಿಯ ಮಾಳುವಿಗೆ ಫೋನು ಹಚ್ಚಿ ಸ್ಪೀಕರಿನಲ್ಲಿ ಇಟ್ಟು, ಅಪ್ಪ ಬೇರೆ ಏನಾದರೂ ಗುಳಿಗೆ ಒಯ್ಯುತ್ತಾರೆಯೇ ಎಂದು ಕೇಳಿದ.

"ಹೌದಲ್ರಿ" ಎಂದ ಮಾಳು, ಅದರಲ್ಲೇನು ವಿಶೇಷ ಎಂಬ ಹಾಗೆ. "ಬಸವಲಿಂಗ ಸಾಹೇಬ್ರ ಗುಳಿಗಿ ಕಾಕಾ ತಿಂಗ್ಳಾ ಒಯ್ತಾರ. ಮೊನ್ನಿನೂ ಒಯ್ದಾರ. ಸಾಹೇಬ್ರ ಚೀಟಿ ತಂದವರಿಗೆ ನಾ ಯಾರಿಗೂ ಇಲ್ಲ ಅಂದಿಲ್ರಿ. ಮೂಡಲಗ್ಯಾಗ ಅರ್ಧ ಮಂದಿ ಅದ ಚೀಟಿ ಮ್ಯಾಲ ನಡದಾರ."

ಫಿರದೋಸ ಗೋಡೆಗೆ ಒರಗಿದಳು. ದಿನಾ ಮುಂಜಾನೆ ತನ್ನ ಮುಂದೆ ಗುಳಿಗೆ ನುಂಗಿ, ಬಾಯಿ ತೆರೆದು ತೋರಿಸಿ ನಗುತ್ತಿದ್ದ ಮಾವ, ಆಮೇಲೆ ಅಂಗಡಿಗೆ ಹೋಗಿ ಇನ್ನೊಬ್ಬರ ಗುಳಿಗೆ ನುಂಗುತ್ತಿದ್ದರು. ಅವಳು ಕೊಟ್ಟಿದ್ದನ್ನೂ ಬಿಟ್ಟಿರಲಿಲ್ಲ.

ಡಾಕ್ಟರ್ ಶೈಲಾ ಹೇಳಿದಂತೆ ಮಾಳು ಹೆಸರು ಕಾಣುವಂತೆ ಆ ಗುಳಿಗೆಯ ಸ್ಟ್ರಿಪ್ಪುಗಳ ಫೋಟೋ ಕಳಿಸಿದ. ಜತೆಗೆ ಮೊಬೈಲಿನಲ್ಲಿ ತಾನು ತೆಗೆದಿಟ್ಟುಕೊಂಡಿದ್ದ ಚೀಟಿಯ ಫೋಟೋವನ್ನೂ ಕಳಿಸಿದ. ಡಾಕ್ಟರು ಅದನ್ನು ದೊಡ್ಡದು ಮಾಡಿ ನೋಡಿದರು. ಚಿಕ್ಕದು ಮಾಡಿದರು. ಮತ್ತೆ ದೊಡ್ಡದು ಮಾಡಿದರು.

"ತಾರೀಖು ನೋಡಿದ್ರ ಇದು ಬಸವಲಿಂಗ ಡಾಕ್ಟರು ದವಾಖಾನಿ ಮುಚ್ಚೂ ಹೊತ್ತಿನಾಗ ಬರದ್ದು" ಎಂದರು ನಿಧಾನವಾಗಿ. "ನೋಡಿಲ್ಲೆ. ಈ ಹೆಸರು, ಈ ಕೆಳಗಿಂದು, ಎರಡೂ ಒಂದ ಔಷಧ. ಕಂಪನಿ ಬ್ಯಾರೆ, ಹೆಸರು ಬ್ಯಾರೆ. ನಾ ಬರದಿದ್ದೂ ಅದ. ಎದಿ ಬಡಿತ ನಿಧಾನ ಮಾಡೂ ಔಷಧ. ಒಂದ ಬೇಕಾದಲ್ಲಿ ಮೂರು ಹೋಗ್ಯಾವ."

"ಮತ್ತ ನಿಮ್ಮ ಕಡೆ ಬರೂಕಿಂತ ಮೊದಲ, ಅವ್ರು ಎರಡು ಬರದಿದ್ರೇನ್ರಿ?" ಎಂದಳು ಫಿರದೋಸ.

ಡಾಕ್ಟರು ಫೋಟೋ ಮುಚ್ಚಿದರು. ಮೊಬೈಲು ವಾಪಸು ಕೊಡುತ್ತ, "ಅವರು ಹಂಗ ಬರಿಯೋ ಮನುಷ್ಯ ಅಲ್ಲ. ನಾ ಹೊಸದಾಗಿ ಬಂದಾಗ ಅವರ ಚೀಟಿ ನೋಡಿ ಕಲ್ತೇನಿ" ಎಂದಷ್ಟೇ ಅಂದರು.

ಮರುದಿನ ಮಾವ ದಿಂಬಿಗೆ ಒರಗಿ ಕೂತು ಗಂಜಿ ಕುಡಿದರು. ಮುಖಕ್ಕೆ ಬಣ್ಣ ಬಂದಿತ್ತು. ಜಮೀರ ಅಂಗಡಿ ತೆರೆಯಲು ಹೋಗಿದ್ದ. ಫಿರದೋಸ ಬಟ್ಟಲು ತೊಳೆದಿಟ್ಟು ಬಂದು ಮಂಚದ ಅಂಚಿನಲ್ಲಿ ಕೂತಳು. ಬೈಯಬೇಕೆಂದು ರಾತ್ರಿಯೆಲ್ಲ ಕೂಡಿಸಿಟ್ಟುಕೊಂಡ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

"ಯಾಕ ಹಿಂಗ ಮಾಡಿದ್ರಿ, ಮಾವಾ?"

ಬಾಬಾಲಾಲ ಹೊದಿಕೆಯ ಹೊಲಿಗೆಯನ್ನು ಬೆರಳಿನಿಂದ ಸವರುತ್ತ ಕೂತರು. "ನಿಂದು ಬಿಟ್ರ ನೀ ನೊಂದ್ಕೋತಿದ್ದಿ, ಯವ್ವಾ" ಎಂದರು ಆಮೇಲೆ. "ಅವರದು ಬಿಡಾಕ ನನ್ನ ಮನಸ ಆಗಲಿಲ್ಲ. ನಿಮ್ಮತ್ತಿ ಹೊಟ್ಟಿಬ್ಯಾನಿಲೆ ಮಲಗಿದ್ದಾಗ ದವಾಖಾನಿ ಮುಗಿಸಿ ದಿನಾ ಸಂಜಿಕ ಮನಿಗೆ ಬರ್ತಿದ್ರು. ಔಷಧ ಏನೂ ಉಳಿದಿರಲಿಲ್ಲ ಅವಾಗ. ಸುಮ್ನ ಬಂದು ಬಾಜೂಕ ಕೂಡತಿದ್ರು. ಸಾಯಿರಾಬಿ ಜೀವ ಬಿಟ್ಟಾಗ ಆಕಿ ಕಣ್ಣು ಮುಚ್ಚಿಸಿದ್ದು ಅವರ ಕೈ. ಅಂಥವರು ಬರದ ಚೀಟಿ ಹರದ ಒಗೀ ಅಂದ್ರ ಹ್ಯಾಂಗ ಒಗೀಲಿ?"

"ಅವ್ರು ತಪ್ಪು ಬರದಾರ, ಮಾವಾ. ಒಂದ ಔಷಧ ಎರಡ ಸಲ ಬರದಾರ."

"ಬರದಿರಾಕಿಲ್ಲ."

"ಮೇಡಮ್ ಅವ್ರ ನೋಡಿ ಹೇಳಿದ್ರು."

"ಈಕಿ ಸಣ್ಣಾಕಿ. ಸಾಹೇಬ್ರು ಏನೋ ವಿಚಾರ ಮಾಡೇ ಬರದಿರ್ತಾರ. ಅದರ ಮ್ಯಾಲ ನಿಂದೂ ತಗೊಂಡಿದ್ದು ನಂದು ತಪ್ಪು." ಮಾವನ ದನಿ ಗಟ್ಟಿಯಾಯಿತು. "ಬಿಡು ಅಂತ ಅವರ ಬಾಯಿಲೆ ಹೇಳಲಿ, ಬಿಡತೇನಿ. ಅಲ್ಲೀತನಕ ನನ್ನ ಕೇಳಬ್ಯಾಡ."

ಫಿರದೋಸ ಎದ್ದು ಕಿಟಕಿಯ ಬಳಿ ಹೋದಳು. ಅತ್ತೆಯ ಕಣ್ಣು ಮುಚ್ಚಿಸಿದ ಕೈಯೇ ಮಾವನನ್ನು ಕೊಲ್ಲುವ ಚೀಟಿ ಬರೆದಿತ್ತು, ಮತ್ತು ಆ ಚೀಟಿ ಇನ್ನೂ ಎಷ್ಟು ಜನರ ಕಿಸೆಯಲ್ಲಿದೆಯೋ. ಮೊಣಕಾಲು ನೋವಂತೆ. ವಯಸ್ಸಾಗಿ ಅಜಾಗರೂಕರಾದವರು ಮೊದಲೇ ಬಾಗಿಲು ಹಾಕಬೇಕಿತ್ತು. ಆ ಮನುಷ್ಯನ ಮುಂದೆ ಮೊಬೈಲು ಹಿಡಿದು, ಇದೇನು ಬರೆದಿದ್ದೀರಿ ಎಂದು ಕೇಳಲೇಬೇಕು ಎಂದುಕೊಂಡಳು.

ಮಾವನಿಗೆ ಓಡಾಡುವಷ್ಟು ಶಕ್ತಿ ಬಂದ ಮೇಲೆ ಒಂದು ಮುಂಜಾನೆ ಇಬ್ಬರೂ ಘೋಡಗೇರಿಗೆ ಹೊರಟರು. ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿ, ಗೋಕಾಕದಲ್ಲಿ ಇಳಿದು ಕರದಂಟಿನ ಪೊಟ್ಟಣ ಕಟ್ಟಿಸಿಕೊಂಡರು. ಹಬ್ಬಕ್ಕೆ ಬೀಗರ ಮನೆಗೆ ಹೊರಟವರ ಹಾಗೆ ದಾರಿಯುದ್ದಕ್ಕೂ ಮಾತಾಡಿದರು. ಫಿರದೋಸ ಹೂಂ ಅನ್ನುತ್ತ ಕೂತಳು.

ಬಸವಲಿಂಗ ಡಾಕ್ಟರು ಇದ್ದ ಅವರ ತಮ್ಮನ ಮನೆ ಊರ ನಡುವೆಯೇ ಇತ್ತು. ಅಂಗಳದಲ್ಲಿ ಹೆಂಗಸರು ಜೋಳ ಹಸನು ಮಾಡುತ್ತಿದ್ದರು, ಮಕ್ಕಳು ಕಾಳು ತೂರಾಡಿ ಬೈಸಿಕೊಳ್ಳುತ್ತಿದ್ದರು. ಒಳಗಿನಿಂದ ಡಾಕ್ಟರ ಹೆಂಡತಿ ದ್ರಾಕ್ಷಾಯಿಣಿ ಬಂದರು. ಮೂಡಲಗಿಯ ದವಾಖಾನೆಯಲ್ಲಿ ಅವರನ್ನು ನೋಡದವರಿಲ್ಲ. ಕಡೆಕಡೆಗಂತೂ ಡಾಕ್ಟರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. ಬಾಬಾಲಾಲರನ್ನು ಕಂಡು ಅವರ ಮುಖ ಅರಳಿತು. ಆದರೆ ಒಳಗೆ ಬನ್ನಿ ಅನ್ನಲಿಲ್ಲ.

"ಸಾಹೇಬ್ರು ಮಲಗ್ಯಾರ್ರಿ ಕಾಕಾ. ಆರಾಮಿಲ್ಲ ಅವರಿಗೆ. ಇನ್ನೊಮ್ಮೆ ಬರ್ರಿ."

"ಒಂದ ನಮಸ್ಕಾರ ಹಾಕಿ ಹೋಗ್ತೇನ್ರಿ ಬಾಯಾರ. ಕಾಲ್ಬ್ಯಾನಿ ಹ್ಯಾಂಗ ಐತ್ರಿ?"

ದ್ರಾಕ್ಷಾಯಿಣಿ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಅಷ್ಟರಲ್ಲಿ ಅವರ ಹಿಂದಿನಿಂದ, "ಯಾರು ಬಂದಾರ? ಒಳಗ ಕರಿ" ಎಂಬ ದನಿ ಕೇಳಿತು. ಬಿಳಿ ಅಂಗಿ, ಬಾಚಿದ ಕೂದಲು, ನೆಟ್ಟಗಿನ ನಡಿಗೆ. ಡಾಕ್ಟರು ಚುರುಕಾಗಿ ನಡೆದು ಬಂದು ಬಾಬಾಲಾಲರ ಎರಡೂ ಕೈ ಹಿಡಿದುಕೊಂಡರು. ಮೊಣಕಾಲಿಗೆ ಏನೂ ಆಗಿರಲಿಲ್ಲ. ಫಿರದೋಸಳ ಎದೆಯಲ್ಲಿ ಸಿಟ್ಟು ಭಗ್ಗೆಂದಿತು.

"ಬರ್ರಿ, ಬರ್ರಿ. ಭಾಳ ದಿವ್ಸ ಆತಲ್ಲ. ಕೂಡ್ರಿ" ಎಂದು ಪಡಸಾಲೆಯ ಬೆಂಚಿನ ಮೇಲೆ ಕೂರಿಸಿ, ತಾವೂ ಪಕ್ಕದಲ್ಲಿ ಕೂತರು. "ಯಾವೂರಿಂದ ಬಂದ್ರಿ?"

ಮಾವ ನಕ್ಕರು. ಚೇಷ್ಟೆ ಎಂದುಕೊಂಡರು. "ಮೂಡಲಗ್ಯಾಂದ್ರಿ ಸಾಹೇಬ್ರ. ಮತ್ತೆಲ್ಲಿಂದ ಬರ್ಲಿ?"

"ಮೂಡಲಗಿ. ಛಲೋ ಊರು. ಅಲ್ಲೆ ನನ್ನ ದವಾಖಾನಿ ಐತಿ. ಮಳಿ ಬೆಳಿ ಹ್ಯಾಂಗ?"

"ಛಲೋ ಐತ್ರಿ."

"ಹಾಂ. ಯಾವೂರಿಂದ ಬಂದ್ರಿ ತಾವು?"

ಮಾವನ ನಗು ಮುಖದಲ್ಲೇ ನಿಂತಿತು. ಅವರು ದ್ರಾಕ್ಷಾಯಿಣಿಯ ಕಡೆ ನೋಡಿದರು. ದ್ರಾಕ್ಷಾಯಿಣಿ ನೆಲ ನೋಡುತ್ತಿದ್ದರು. ಫಿರದೋಸ ಬ್ಯಾಗಿನಿಂದ ಮೊಬೈಲು ಹೊರತೆಗೆದಿದ್ದಳು. ಅದು ಅವಳ ಕೈಯಲ್ಲೇ ಉಳಿಯಿತು. ಯಾವುದೋ ಮೆಟ್ಟಿಲಿದೆಯೆಂದು ಕಾಲಿಟ್ಟಲ್ಲಿ ಮೆಟ್ಟಿಲೇ ಇಲ್ಲದ ಹಾಗೆ ಅವಳ ಒಳಗೆ ಏನೋ ಕುಸಿದು ಹೋಯಿತು.

"ಮೂಡಲಗ್ಯಾಂದ್ರಿ" ಎಂದರು ಮಾವ ಮತ್ತೊಮ್ಮೆ, ಮೆಲ್ಲಗೆ. "ನಾ ಬಾಬಾಲಾಲ. ಗಾದಿ ಹೊಲಿಯಾಂವ."

"ಗೊತ್ತಲ್ಲ, ಗೊತ್ತಿಲ್ಲೇನು" ಎಂದರು ಡಾಕ್ಟರು ವಿಶ್ವಾಸದಿಂದ. ಒಂದು ಕ್ಷಣ ಅವರ ಕಣ್ಣು ಅಂಗಳದಲ್ಲಿ ಏನನ್ನೋ ಹುಡುಕಿತು. ಆಮೇಲೆ ಹುಡುಕಿದ್ದು ಸಿಕ್ಕವರ ಹಾಗೆ ತಿರುಗಿದರು. "ನಿಮ್ಮ ಮನಿಯವರಿಗೆ ಹೊಟ್ಟಿಬ್ಯಾನಿ ಇತ್ತಲ್ಲ. ಈಗ ಹ್ಯಾಂಗದಾರ?"

ಅಂಗಳದಲ್ಲಿ ಮೊರದ ಸದ್ದು ಒಂದೇ ಸಮನೆ ಬರುತ್ತಿತ್ತು. ಮಾವ ತಲೆಯ ಮೇಲಿನ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು, ಮತ್ತೆ ಹಾಕಿಕೊಂಡರು.

"ಆರಾಮದಾಳ್ರಿ ಸಾಹೇಬ್ರ" ಎಂದರು.

ಫಿರದೋಸ ಅಲ್ಲಿ ನಿಲ್ಲಲಾರದೆ ಒಳಗೆ ನಡೆದಳು. ಅವಳ ಹಿಂದೆಯೇ ದ್ರಾಕ್ಷಾಯಿಣಿ ಬಂದರು. ಅಡಿಗೆಮನೆಯಲ್ಲಿ ಚಹಾಕ್ಕೆ ನೀರಿಟ್ಟರು. ಆದರೆ ಒಲೆ ಹಚ್ಚಲಿಲ್ಲ.

"ಯಾವಾಗಿಂದ್ರಿ ಬಾಯಾರ?"

"ಹ್ವಾದ ವರ್ಷ ಶುರು ಆತು, ತಂಗಿ. ಮೊದಲ ಹೆಸರು ಮರೀತಿದ್ರು. ಅದಕ್ಕ ನಾ ಬಾಜೂಕ ಕೂಡಾಕ ಹತ್ತಿದೆ. ಇವರು ಇಂಥವರು ಅಂತ ಕಿವ್ಯಾಗ ಹೇಳತಿದ್ದೆ. ಹೆಸರು ಹೇಳಿದ್ರ ಸಾಕು, ಮುಂದಿಂದೆಲ್ಲಾ ಅವರ ನೋಡ್ತಿದ್ರು. ಔಷಧ ಮರತಿರಲಿಲ್ಲ ಅವ್ರು. ಕೈಗೆ ಪೆನ್ನು ಬಂದ್ರ ನೀರು ಹರದಂಗ ಬರೀತಿದ್ರು."

"ಹೊರಗ ಯಾರಿಗೂ ಹೇಳಲಿಲ್ಲೇನ್ರಿ?"

"ಏನಂತ ಹೇಳಲಿ? ಜೀವಮಾನ ಎಲ್ಲಾ ಅದ ಕುರ್ಚಿ ಮ್ಯಾಲ ಕಳದ ಮನುಷ್ಯಾಗ ಇನ್ನ ಏಳು ಅಂತ ಹ್ಯಾಂಗ ಹೇಳಲಿ? ಹಾದಿಯೊಳಗ ಒಮ್ಮೆ ಮನಿ ಮರತು ನಿಂತ್ರು. ಅವತ್ತ ಬಾಗಲಾ ಹಾಕ್ಸಿದೆ. ಕಾಲ್ಬ್ಯಾನಿ ಅಂತ ನಾನ ಹೇಳಿದೆ. ಅವರ ಹೆಸರು ಹಂಗ ಉಳಿಲಿ ಅಂತ."

ಫಿರದೋಸ ಮೊಬೈಲಿನಲ್ಲಿ ಚೀಟಿಯ ಫೋಟೋ ತೆರೆದು ಅವರ ಕೈಗಿಟ್ಟಳು. ಬರುವಾಗ ಇದ್ದ ಸಿಟ್ಟು ಎಲ್ಲಿ ಹೋಯಿತೋ, ಈಗ ಅವಳಿಗೆ ಹೇಳಲೇ ಕಷ್ಟವಾಗುತ್ತಿತ್ತು. ಆದರೂ ಹೇಳಿದಳು. ಎರಡು ಹೆಸರು, ಒಂದೇ ಔಷಧ. ಗಾದಿಯ ಮೇಲೆ ಮಾವ ಬಿದ್ದಿದ್ದು, ತೊಡೆಯ ಮೇಲೆ ಅವರ ತಲೆ ಇಟ್ಟುಕೊಂಡು ಗೋಕಾಕಕ್ಕೆ ಹೋಗಿದ್ದು. ತನ್ನ ಕೈಯಿಂದ ಮೂರನೆಯದನ್ನು ಕೊಟ್ಟಿದ್ದು.

ದ್ರಾಕ್ಷಾಯಿಣಿ ಕನ್ನಡಕ ಏರಿಸಿ ಆ ಅಕ್ಷರಗಳನ್ನು ನೋಡಿದರು. ಚಂದದ, ದುಂಡಗಿನ ಅಕ್ಷರ. ಡಾಕ್ಟರು ಇಷ್ಟು ಬಿಡಿಸಿ ಬರೆಯುತ್ತಾರೆಂದು ಊರೆಲ್ಲ ಹೊಗಳುತ್ತಿದ್ದ ಅಕ್ಷರ. ಅವರು ಕಟ್ಟೆ ಹಿಡಿದುಕೊಂಡು ಮೆಲ್ಲಗೆ ನೆಲದ ಮೇಲೆ ಕೂತುಬಿಟ್ಟರು.

"ಇದನ್ನ ಬರಿಯೂ ಮುಂದ ನಾ ಬಾಜೂಕ ಇದ್ದೆ" ಎಂದರು. "ಇವರು ಬಾಬಾಲಾಲ ಕಾಕಾ ಅಂತ ನಾನ ಕಿವ್ಯಾಗ ಹೇಳಿದ್ದೆ."

ಹೊರಗೆ ಡಾಕ್ಟರು ಮಳೆಯ ಬಗ್ಗೆ ಕೇಳುತ್ತಿದ್ದುದು, ಮಾವ ಉತ್ತರಿಸುತ್ತಿದ್ದುದು ಕೇಳುತ್ತಿತ್ತು. ಫಿರದೋಸ ಪಕ್ಕದಲ್ಲಿ ಕೂತಳು.

"ಬಾಯಾರ, ಮೂಡಲಗ್ಯಾಗ ಅರ್ಧ ಮಂದಿ ಇವರ ಚೀಟಿ ಮ್ಯಾಲ ಗುಳಿಗಿ ಒಯ್ಯಾಕತ್ತಾರಂತ್ರಿ. ಅದ್ರಾಗ ಯಾವ್ದು ಸರಿ ಐತಿ, ಯಾವ್ದು ಇಲ್ಲ, ಯಾರಿಗೂ ಗೊತ್ತಿಲ್ಲ."

ದ್ರಾಕ್ಷಾಯಿಣಿ ತಲೆ ಎತ್ತಿದರು. ಅವರ ಕಣ್ಣಿನಲ್ಲಿ ಆಗ ಮೂಡಿದ್ದನ್ನು ಫಿರದೋಸಳಿಗೆ ಆಮೇಲೆ ಎಷ್ಟೋ ದಿನ ಮರೆಯಲಾಗಲಿಲ್ಲ. ಒಂದೊಂದೇ ಮುಖ ಅವರ ಮುಂದೆ ಹಾದು ಹೋಗುತ್ತಿದ್ದ ಹಾಗಿತ್ತು. "ಯಲ್ಲಕ್ಕ" ಎಂದರು ತಮಗೆ ತಾವೇ. "ಕುರಿ ಕಾಯೂ ಸತ್ತೆಪ್ಪ. ಹಣಮವ್ವ, ಆಕಿ ಸಕ್ಕರಿ ಗುಳಿಗಿ."

"ನಾ ಮಾಳುಗ ಹೇಳ್ಲೇನ್ರಿ? ಏನರೆ ಕಾರಣ ಕೊಟ್ಟು—"

"ಬ್ಯಾಡ." ದ್ರಾಕ್ಷಾಯಿಣಿ ಕೈ ಚಾಚಿದರು. "ಫೋನು ಹಚ್ಚಿ ಕೊಡು."

ಮಾಳು ಫೋನೆತ್ತಿ, ಬಾಯಾರ ದನಿ ಕೇಳಿ ಸಂತೋಷದಿಂದ ಯೋಗಕ್ಷೇಮ ವಿಚಾರಿಸತೊಡಗಿದ. ದ್ರಾಕ್ಷಾಯಿಣಿ ಅವನ ಮಾತು ತಡೆದರು.

"ಮಾಳು, ನಾ ಹೇಳೂದು ಕೇಳು. ಸಾಹೇಬ್ರ ಚೀಟಿ ಮ್ಯಾಲ ಇನ್ನ ಯಾರಿಗೂ ಗುಳಿಗಿ ಕೊಡಬ್ಯಾಡ. ಹಂಗಂತ ತಾವ ಬಿಟ್ಟೂ ಕೂಡಬಾರದು ಅವರು. ಇದ್ದ ಗುಳಿಗಿ, ಚೀಟಿ ತಗೊಂಡು ಇವತ್ತ ಬ್ಯಾರೆ ಡಾಕ್ಟರ ಕಡೆ ತೋರಸಲಿ. ಎಲ್ಲಾರನೂ ಕರದು ಹೇಳು." ಆ ಕಡೆಯಿಂದ ಮಾಳು ಏನೋ ಕೇಳಿದ. ದ್ರಾಕ್ಷಾಯಿಣಿ ಸೆರಗಿನಿಂದ ಬಾಯಿ ಒರೆಸಿಕೊಂಡರು. "ಕಾಲ್ಬ್ಯಾನಿ ಅಲ್ಲಪಾ. ಅವರಿಗೆ ನೆನಪು ಹೋಗೇತಿ. ದವಾಖಾನಿ ಮುಚ್ಚೂಕಿಂತ ಮೊದಲ ಹೋಗಿತ್ತು. ಹಂಗ ಹೇಳು. ಹೌದು, ಸಾಹೇಬ್ರ ಹೆಂಡ್ತಿ ಹೇಳ್ಯಾಳಂತ ಹೇಳು. ಯಾರು ಯಾರಿಗೆ ಕೊಡ್ತಿದ್ದಿ, ಹೆಸರು ಅನ್ನು, ನಾನೂ ಫೋನು ಹಚ್ತೇನಿ."

ಫಿರದೋಸ ಎದ್ದು ಒಲೆ ಹಚ್ಚಿದಳು. ಚಹಾ ಸೋಸಿ ಎರಡು ಲೋಟ ಹಿಡಿದು ಪಡಸಾಲೆಗೆ ಬಂದಾಗ ಡಾಕ್ಟರು ಕರದಂಟಿನ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು ಮಾವನಿಗೆ ಏನೋ ಹೇಳುತ್ತಿದ್ದರು.

"ಗುಳಿಗಿ ಮಾತ್ರ ಬಿಡಬ್ಯಾಡ್ರಿ ಮತ್ತ."

"ಬಿಡೂದಿಲ್ರಿ ಸಾಹೇಬ್ರ" ಎಂದರು ಮಾವ. ಹೇಳುತ್ತಲೇ ಅಂಗಿಯ ಒಳಕಿಸೆಗೆ ಕೈ ಹಾಕಿ, ಮಡಚಿ ಮಡಚಿ ಸವೆದ ಚೀಟಿಯನ್ನು ತೆಗೆದು, ಹಿಂದೆ ತಿರುಗದೆ, ಸೊಸೆಯ ಕಡೆ ಚಾಚಿದರು. ಅವಳು ಲೋಟಗಳನ್ನು ಬೆಂಚಿನ ಮೇಲಿಟ್ಟು ಅದನ್ನು ತೆಗೆದುಕೊಂಡಳು. ಚೀಟಿ ಅವರ ಮೈಯ ಬಿಸಿಗೆ ಬೆಚ್ಚಗಿತ್ತು.

ಚಾಚಿದ ಕೈಯನ್ನು ಮಾವ ಹಿಂದಕ್ಕೆ ತರುವಷ್ಟರಲ್ಲಿ ಡಾಕ್ಟರು ಅದನ್ನು ಹಿಡಿದರು. ಮೊದಲು ಸುಮ್ಮನೆ ಹಿಡಿದ ಹಾಗಿತ್ತು. ಆಮೇಲೆ ಅವರ ಬೆರಳುಗಳು ತಾವಾಗಿಯೇ ಮಣಿಕಟ್ಟಿಗೆ ಸರಿದು, ನಾಡಿಯ ಮೇಲೆ ಕೂತವು. ಅವರು ಕಣ್ಣು ಮುಚ್ಚಿದರು. ಮಾತು ನಿಂತು, ಮುಖ ಸಡಿಲಾಗಿ, ಮೂಡಲಗಿಯ ಆ ಮೇಜಿನ ಹಿಂದೆ ಕೂತಿರುತ್ತಿದ್ದ ಮನುಷ್ಯನ ಮುಖವೇ ಆಯಿತು. ತುಟಿ ಮೆಲ್ಲಗೆ ಅಲುಗುತ್ತಿತ್ತು.

ಒಳಗಿನಿಂದ ದ್ರಾಕ್ಷಾಯಿಣಿಯ ದನಿ ಬರುತ್ತಿತ್ತು. ಒಬ್ಬರಾದ ಮೇಲೆ ಒಬ್ಬರಿಗೆ ಅವರು ಅದೇ ಮಾತನ್ನು ಹೇಳುತ್ತಿದ್ದರು.

ಎಣಿಕೆ ಎಲ್ಲೋ ತಪ್ಪಿತೇನೋ, ಡಾಕ್ಟರ ಹುಬ್ಬು ಗಂಟಾಯಿತು. ತುಟಿ ನಿಂತಿತು. ಬೆರಳನ್ನು ಒಂದಿಷ್ಟು ಸರಿಸಿ, ಮತ್ತೆ ಮೊದಲಿನಿಂದ ಎಣಿಸತೊಡಗಿದರು. ಬೆಂಚಿನ ಮೇಲೆ ಚಹಾ ಆರುತ್ತಿತ್ತು. ಮಾವ ಕೈ ಅಲುಗಿಸದೆ ಕೂತಿದ್ದರು.